ಸತ್ತ ರಾಣಿ ವಾಲಿದ ದಿಕ್ಕು

ಆ ದಿನ ನಾನು ಅವಳಿಗೆ ಏನು ಹೇಳಿದೆ ಎಂಬುದು ಚೆನ್ನಾಗಿ ನೆನಪಿದೆ. ಅವಳು ತನ್ನ ತಂಗಿಯ ವಿಷಯ ಹೇಳಿದ್ದೂ ನೆನಪಿದೆ. ಎರಡರಲ್ಲಿ ಯಾವುದು ಮೊದಲು ನಡೆಯಿತು ಎಂಬುದು ಮಾತ್ರ ನೆನಪಿಲ್ಲ. ತಂಗಿಯ ವಿಷಯ ಗೊತ್ತಿದ್ದೂ ಆ ಮಾತು ಹೇಳಿದ್ದರೆ ನಾನು ಒಂದು ಬಗೆಯ ಮನುಷ್ಯ, ಗೊತ್ತಿಲ್ಲದೆ ಹೇಳಿದ್ದರೆ ಇನ್ನೊಂದು ಬಗೆಯವನು. ಇಷ್ಟು ವರ್ಷಗಳಾದರೂ ಇಬ್ಬರಲ್ಲಿ ನಾನು ಯಾರು ಎಂದು ತೀರ್ಮಾನವಾಗಿಲ್ಲ.

ಆಗ ನಾನು ದುಬೈಯ ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಹದಿನೇಳನೇ ಮಹಡಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಇಂಜಿನಿಯರುಗಳ ನಕ್ಷೆಗಳಿಗೆ ನಂಬರು ಹಾಕುವ ಕೆಲಸ. ಒಂದೇ ಮೆಟ್ಟಿಲಿನ ನಕ್ಷೆ ಆರು ಸಲ ತಿದ್ದಿ ಬರುತ್ತಿತ್ತು. ಹೊಸದು ಬಂದ ಕೂಡಲೇ ಹಳೆಯದರ ಮೇಲೆ ಕೆಂಪು ಮೊಹರು ಒತ್ತಿ ಬೇರೆ ಕಪಾಟಿಗೆ ಹಾಕಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೊಂದೇ ನನ್ನ ವಿದ್ಯೆ. ಸೈಟಿನವರು ಜಗಳವಾಡಿಕೊಂಡು ಬಂದರೆ ಎರಡು ಹಾಳೆ ಪಕ್ಕಪಕ್ಕ ಇಟ್ಟು ಒಂದೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ.

ನಕ್ಷೆಯ ಪೆಟ್ಟಿಗೆಗಳು ಹೊರಗೆ ಹೋಗಬೇಕಾದರೆ ಕಟ್ಟಡದ ಹಿಂಬದಿಯಲ್ಲಿ ಸಾಮಾನು ಹತ್ತಿಸಿ ಇಳಿಸುವ ಲೋಡಿಂಗ್ ಬೇ ದಾಟಬೇಕಿತ್ತು. ಅಲ್ಲಿ ಒಂದು ಸ್ಟೀಲ್ ಮೇಜು, ಒಂದು ಗಡಗಡ ಅನ್ನುವ ಫ್ಯಾನು, ಒಂದು ರಿಜಿಸ್ಟರು. ಮೇಜಿನ ಹಿಂದೆ ಅವಳು ಕುಳಿತಿರುತ್ತಿದ್ದಳು, ಸೆಕ್ಯುರಿಟಿ ಕಂಪನಿಯ ನೀಲಿ ಅಂಗಿ, ಕಪ್ಪು ಸ್ಕಾರ್ಫು. ಮೂವತ್ತರ ಆಚೀಚಿನ ವಯಸ್ಸು. ನಮ್ಮ ಪರಿಚಯ ಜಗಳದಿಂದಲೇ ಶುರುವಾದದ್ದು.

"ಇದು ನಿನ್ನೆಯ ಗೇಟ್‌ಪಾಸ್," ಎಂದಳು.

"ಸಿಸ್ಟರ್, ಪೆಟ್ಟಿಗೆ ಇವತ್ತಿನದೇ."

"ಪೆಟ್ಟಿಗೆ ಇವತ್ತಿನದು, ಕಾಗದ ನಿನ್ನೆಯದು. ನಿನ್ನೆಯ ಕಾಗದ ಹಿಡಿದು ಬಂದವನು ನಿನ್ನೆಯೇ ಹೊರಗೆ ಹೋಗಬೇಕಿತ್ತು. ಯಲ್ಲಾ, ಮೇಲೆ ಹೋಗು."

ಮೇಲೆ ಹೋಗಿ ಹೊಸದು ಬರೆಸಿಕೊಂಡು ಬಂದೆ. ಮೊಹರು ಒತ್ತುತ್ತಾ ನಕ್ಕಳು. ನಾವು ಮಾತಾಡುತ್ತಿದ್ದುದು ಗಲ್ಫಿನ ಇಂಗ್ಲಿಷಿನಲ್ಲಿ, ನಡುನಡುವೆ ಅವಳು ಇಲ್ಲಿ ಕಲಿತ ಹಿಂದಿಯಲ್ಲಿ. ಈಗ ಕನ್ನಡದಲ್ಲಿ ಬರೆಯುವಾಗ ಅವಳ ಮಾತಿನಲ್ಲಿ ಎಷ್ಟು ನನ್ನದು ಸೇರಿಕೊಳ್ಳುತ್ತಿದೆಯೋ ಗೊತ್ತಿಲ್ಲ. ಆದರೆ ಆ ಗೇಟ್‌ಪಾಸಿನ ಮಾತು ಅವಳದೇ. ಅಷ್ಟು ಚುರುಕಾಗಿ ನನಗೆ ಮಾತಾಡಲು ಬರುವುದಿಲ್ಲ.

ಅವಳು ನೈಜರ್ ದೇಶದವಳು, ಹೌಸಾ ಮಾತಾಡುವವಳು. ಅಪ್ಪ ಗಡಿಯಾಚೆ ನೈಜೀರಿಯಾದ ಕಾನೋ ಪೇಟೆಯಲ್ಲಿ ಚರ್ಮದ ವ್ಯಾಪಾರ ಮಾಡುತ್ತಿದ್ದ ಮುಸ್ಲಿಂ. ಅವಳು ಅಲ್ಲಿ ಬೆಳೆದದ್ದರಿಂದ ಇಂಗ್ಲಿಷ್ ಬರುತ್ತಿತ್ತು. ತಾಯಿಯ ಕಡೆಯವರು ಮಾತ್ರ ಹಳ್ಳಿಯಲ್ಲೇ ಉಳಿದವರು, ಹಳೆಯ ಪೂಜೆ ಬಿಡದವರು. ಹೌಸಾ ಜನರಲ್ಲಿ ಅಂಥವರು ಈಗ ಕಡಿಮೆ ಎಂದು ಅವಳೇ ಹೇಳಿದಳು. ನಾನು ಇತಿಹಾಸ ಓದಿದವನು ಎಂದು ತಿಳಿದ ಮೇಲೆ ನನ್ನನ್ನು "ಮಾಲಂ" ಎಂದು ಕರೆಯತೊಡಗಿದಳು. ಓದಿದವನು, ಮೇಷ್ಟ್ರು ಎಂಬ ಅರ್ಥ. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ.

"ತೋ, ಮಾಲಂ! ನಮ್ಮ ರಾಣಿಯನ್ನು ಓದಿದ್ದೀಯಾ?"

ಓದಿದ್ದೆ. ಎಂ.ಎ. ಎರಡನೇ ವರ್ಷದಲ್ಲಿ ಆಫ್ರಿಕಾದ ಇತಿಹಾಸದ ಒಂದು ಪತ್ರಿಕೆ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರೆಂಚರ ಒಂದು ದಂಡು ಹಳ್ಳಿಗಳನ್ನು ಸುಡುತ್ತಾ ಚಾಡ್ ಸರೋವರದ ಕಡೆಗೆ ಹೊರಟಿತು, ದಾರಿಯಲ್ಲಿ ಒಬ್ಬ ರಾಣಿ ಎದುರು ನಿಂತಳು, ಸೋತು ಪಲಾಯನ ಮಾಡಿದಳು. ನನ್ನ ನೋಟ್ಸಿನಲ್ಲಿ ಇಷ್ಟೇ ಇತ್ತು. ಅದನ್ನೇ ಹೇಳಿದೆ.

ಅವಳು ಪೆನ್ನನ್ನು ಮೇಜಿನ ಮೇಲಿಟ್ಟಳು. "ಪಲಾಯನ! ಮಳೆ ಬಂದರೆ ನೀನು ಮಾಡಿನ ಕೆಳಗೆ ಹೋಗ್ತೀಯ. ಮಳೆಗೆ ಸೋತ ಅಂತ ಯಾರಾದರೂ ಬರೀತಾರಾ?"

ಆಮೇಲೆ ಹತ್ತು ಗಂಟೆಯ ಚಹಾದ ಹೊತ್ತಿನಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಅಜ್ಜಿ ಹೇಳಿದ ಕಥೆಯನ್ನು ಹೇಳಿದಳು. ದಂಡು ಬೆಳಗಿನ ಹೊತ್ತು ಫಿರಂಗಿ ತಂದಿತು. ಹಳ್ಳಿಯವರ ಹತ್ತಿರ ವಿಷ ಸವರಿದ ಬಾಣಗಳು. ಹಳ್ಳಿ ಉರಿಯಿತು. ರಾಣಿ ತನ್ನ ಜನರನ್ನು ಕರೆದುಕೊಂಡು ಮುಳ್ಳುಪೊದೆಯ ಕಾಡಿಗೆ ಹೋದಳು. ಅಲ್ಲಿಂದಲೂ ಬಾಣ ಬಂತು. ದಂಡಿನವರಿಗೆ ಸಿಕ್ಕಿದ್ದು ಬೂದಿ. ಮದ್ದುಗುಂಡು ಮುಗಿಸಿಕೊಂಡು, ಹೆಣಗಳನ್ನು ಬಿಟ್ಟು ಅವರು ಮುಂದೆ ಹೋದರು. ರಾಣಿ ಬಂದು ಅದೇ ಜಾಗದಲ್ಲಿ ಕುಳಿತಳು. ದಂಡನ್ನು ತಂದ ಇಬ್ಬರು ಕ್ಯಾಪ್ಟನ್ನರನ್ನು ಕೊನೆಗೆ ಅವರ ಸೈನಿಕರೇ ಕೊಂದರು. ಕೊನೆಯ ಸಂಗತಿ ಪುಸ್ತಕದಲ್ಲೂ ಇದೆ. ಅಜ್ಜಿಯ ಪ್ರಕಾರ ಅದೂ ರಾಣಿಯ ಕೆಲಸವೇ.

ಹೌಸಾ ನಾಡಿನಲ್ಲಿ ಆಳಿದ ಹೆಂಗಸರು ಬಹಳ ಎಂದಳು. ದೌರಾದಲ್ಲಿ ಮೊದಲು ಆಳಿದವರೆಲ್ಲ ಹೆಂಗಸರೇ ಅಂತೆ. ಝಾರಿಯಾದ ರಾಣಿ ಗೆದ್ದಲ್ಲೆಲ್ಲ ಊರಿನ ಸುತ್ತ ಗೋಡೆ ಕಟ್ಟಿಸಿದಳಂತೆ. ನಾನೂ ಬಿಡಲಿಲ್ಲ. ಪೋರ್ಚುಗೀಸರ ಜೊತೆ ಕಾದಾಡಿದ ನಮ್ಮ ಉಳ್ಳಾಲದ ರಾಣಿಯ ವಿಷಯ ಹೇಳಿದೆ. ಗಮನವಿಟ್ಟು ಕೇಳಿದಳು. ಆಮೇಲೆ, "ಅವಳು ಸತ್ತಾಗ ಯಾರ ಕಡೆಗೆ ವಾಲಿದಳು?" ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ. ಆಗ ವಿವರಿಸಿದಳು. ಅವಳ ತಾಯಿಯ ಹಳ್ಳಿಯಲ್ಲಿ ರಾಣಿಯ ಪೀಠ ಈಗಲೂ ಇದೆ. ಸರೌನಿಯಾ ಎನ್ನುತ್ತಾರೆ, ಹೌಸಾದಲ್ಲಿ ರಾಣಿ ಎಂದೇ ಅರ್ಥ. ಅವಳಿಗೆ ಸೈನ್ಯವಿಲ್ಲ, ಅರಮನೆಯಿಲ್ಲ. ಒಂದು ಗುಡಿಸಲು, ಪೂಜೆ, ನ್ಯಾಯ. ರಾಣಿ ಸತ್ತಾಗ ಶವವನ್ನು ಬಟ್ಟೆಯಲ್ಲಿ ಸುತ್ತಿ ಗಂಡಸರು ಹೆಗಲ ಮೇಲೆ ಹೊರುತ್ತಾರೆ. ವಂಶದ ಹೆಂಗಸರನ್ನು ವಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸುತ್ತಾರೆ. ಮುಂದೆ ಯಾರು ಎಂದು ಸತ್ತವಳನ್ನೇ ಕೇಳುತ್ತಾರೆ. ಹೆಗಲ ಮೇಲಿನ ಶವ ಯಾರ ಕಡೆಗೆ ವಾಲುತ್ತದೋ ಅವಳೇ. ಅಂದಿನಿಂದ ಅವಳಿಗೆ ಮದುವೆಯಿಲ್ಲ, ಹಳ್ಳಿ ಬಿಟ್ಟು ಹೋಗುವುದಿಲ್ಲ, ಹುಟ್ಟುಹೆಸರು ಹಿಡಿದು ಕರೆಯುವವರಿಲ್ಲ. ಸಾಯುವ ತನಕ.

ಇದು ಅವಳು ಹೇಳಿದ್ದು. ನಾನು ಪುಸ್ತಕಗಳಲ್ಲಿ ಹುಡುಕಿದೆ, ಇಂಥದ್ದೇ ಸಂಗತಿ ಅಲ್ಲಲ್ಲಿ ಸಿಕ್ಕಿತು, ಅವಳ ಹಳ್ಳಿ ಸಿಗಲಿಲ್ಲ.

ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳಬೇಕು. ನಾನು ಉಡುಪಿ ಕಡೆಯ ಒಂದು ಗುತ್ತಿನ ಮನೆಯವನು. ಅಲ್ಲಿ ದೈವದ ಚಾಕರಿಗೆ ಮನೆಯ ಒಬ್ಬ ಗಂಡಸು ಗಡಿ ಹಿಡಿಯಬೇಕು. ಅಂದರೆ ಆ ಸ್ಥಾನದಲ್ಲಿ ಕೂರಬೇಕು. ಕೈಗೆ ಬಳೆ ತೊಡಿಸುತ್ತಾರೆ, ಹೊಸ ಹೆಸರು ಕರೆಯುತ್ತಾರೆ, ಆಮೇಲೆ ಹೋಟೆಲಿನಲ್ಲಿ ಉಣ್ಣುವಂತಿಲ್ಲ, ಊರು ಬಿಟ್ಟು ಇರುವಂತಿಲ್ಲ. ಸ್ಥಾನ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ನನ್ನ ಸೋದರಮಾವ ತೀರಿಕೊಂಡಾಗ ಜೋಯಿಸರನ್ನು ಕರೆಸಿ ಪ್ರಶ್ನೆ ಇಟ್ಟರು. ಕವಡೆಯಲ್ಲಿ ನಾನು ಬಂದೆ. ನಾನು ಎಂ.ಎ. ಮುಗಿಸಿದ್ದವನು, ಇದೆಲ್ಲ ಊಳಿಗಮಾನ್ಯ ಕಾಲದ ಉಳಿಕೆ ಎಂದು ಸೆಮಿನಾರಿನಲ್ಲಿ ಪ್ರಬಂಧ ಓದಿದ್ದವನು. ಎರಡು ತಿಂಗಳಲ್ಲಿ ವೀಸಾ ಮಾಡಿಸಿಕೊಂಡು ದುಬೈಗೆ ಬಂದುಬಿಟ್ಟೆ. ಮುಂಬಯಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದ ದೊಡ್ಡಮ್ಮನ ಮಗ ಕೆಲಸ ಬಿಟ್ಟು ಬಂದು ಗಡಿ ಹಿಡಿದ.

ಇದನ್ನು ನಾನು ಅವಳಿಗೆ ಹೇಳಿದೆ. ಆದರೆ "ನಮ್ಮ ಮನೆಯಲ್ಲಿ" ಎನ್ನಲಿಲ್ಲ. "ನಮ್ಮ ಕಡೆ ಒಂದು ಮನೆಯಲ್ಲಿ" ಎಂದೆ.

"ಹೆಂಗಸರ ಕಡೆಯಿಂದ ಬರುವ ಜಾಗದಲ್ಲಿ ಗಂಡಸು ಕೂರುವುದಾ? ಅದು ಯಾವ ನ್ಯಾಯ ಮಾಲಂ?" ಎಂದು ನಕ್ಕಳು. ಆಮೇಲೆ, "ಓಡಿಹೋದವನು ಚೆನ್ನಾಗಿದ್ದಾನಾ?"

"ಚೆನ್ನಾಗಿದ್ದಾನೆ," ಎಂದೆ.

ಇದಾಗಿ ಕೆಲವು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಪೆಟ್ಟಿಗೆಗಳಿಲ್ಲದೆ ಬರಿಗೈಯಲ್ಲಿ ಚಹಾಕ್ಕೆ ಇಳಿದಾಗ, ಅವಳು ಮೇಜಿನ ಹಿಂದೆ ನಿಂತುಕೊಂಡೇ ಇದ್ದಳು. ಹಳ್ಳಿಯ ರಾಣಿ ಸತ್ತಿದ್ದಳು. ಇವಳಿಗೆ ತಾಯಿಯ ಚಿಕ್ಕಮ್ಮನಾಗಬೇಕು. ಸೋದರಮಾವ ಫೋನು ಮಾಡಿ, ವಂಶದ ಹೆಂಗಸರೆಲ್ಲ ಬಂದು ಸಾಲಿನಲ್ಲಿ ನಿಲ್ಲಬೇಕು, ನೀನು ಬರುವ ತನಕ ಕಾಯುತ್ತೇವೆ ಎಂದಿದ್ದ. ಆ ಸೆಕೆಯ ದೇಶದಲ್ಲಿ ಎಷ್ಟು ದಿನ ಕಾಯುವುದು? ಅದನ್ನು ನಾನು ಕೇಳಲಿಲ್ಲ. ಕಂಪನಿ ಹತ್ತು ದಿನದ ತುರ್ತು ರಜೆ ಕೊಟ್ಟಿತ್ತು. ರಜೆಯ ಕಾಗದ ಮಡಿಚಿ ಅಂಗಿಯ ಜೇಬಿನಲ್ಲಿತ್ತು. ಆ ಸಂಜೆಯೊಳಗೆ ಹೋಗುವುದೋ ಬಿಡುವುದೋ ಹೇಳಬೇಕಿತ್ತು.

ಮೇಜಿನ ಡ್ರಾಯರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕಾಯಿ ತೆಗೆದಳು. ಗೋರೋ ಎಂದಳು, ಕೋಲಾ ಕಾಯಿ. ಹಸಿ ಗುಲಾಬಿ ಬಣ್ಣ, ಹಲಸಿನ ಬೀಜದಷ್ಟು ದೊಡ್ಡದು. ಊರಿನವರೊಬ್ಬರು ಸೂಟ್‌ಕೇಸಿನಲ್ಲಿ ತಂದುಕೊಟ್ಟದ್ದಂತೆ. ಉಗುರಿನಿಂದ ಎರಡು ಹೋಳು ಮಾಡಿ ಒಂದನ್ನು ನನ್ನ ಕಡೆಗೆ ಚಾಚಿದಳು. ನಾನು ಹೋಳು ಅಡಿಕೆ ತೆಗೆದುಕೊಂಡ ಹಾಗೆ ತೆಗೆದುಕೊಂಡು ಬಾಯಿಗೆ ಹಾಕಿದೆ. ಕಡುಕಹಿ. ಮೇಲೆ ನೀರು ಕುಡಿದರೆ ನೀರು ಸಿಹಿ.

ನಮ್ಮ ಮನೆಯಲ್ಲಿ ಮಗುವಿಗೂ ಗೊತ್ತಿರುವ ವಿಷಯ, ವೀಳ್ಯ ಚಾಚಿದಾಗ ಯಾವುದಕ್ಕೆ ಎಂದು ಕೇಳದೆ ಕೈಯೊಡ್ಡಬಾರದು. ಹಿಡಿದರೆ ಒಪ್ಪಿದ ಹಾಗೆ. ದೈವದ ಮುಂದೆ ಹಿಡಿಯಬಾರದು ಎಂದೇ ನಾನು ದೇಶ ಬಿಟ್ಟವನು. ಲೋಡಿಂಗ್ ಬೇಯಲ್ಲಿ, ಸ್ಟೀಲ್ ಮೇಜಿನ ಮುಂದೆ, ಏನೂ ಕೇಳದೆ ಹಿಡಿದೆ.

"ತಗೊಂಡೆ," ಎಂದಳು ಅವಳು. "ಈಗ ನಿಜ ಹೇಳಬೇಕು. ನೀನು ಹೇಳಿದ ಹಾಗೆ ನಾನು ಮಾಡ್ತೇನೆ. ಹೆಣ ತಾನೇ ವಾಲುವುದಾ, ಹೊತ್ತವರು ತಳ್ಳುವುದಾ?"

ನನ್ನ ಉತ್ತರಕ್ಕೆ ತಡವಾಗಲಿಲ್ಲ. ಓದುವಾಗ ಎಷ್ಟೋ ಸಲ ಕಾಲೇಜಿನ ಕ್ಯಾಂಟೀನಿನಲ್ಲಿ ವಾದಿಸಿದ ವಿಷಯ. "ಹೊತ್ತವರು ತಳ್ಳುವುದು," ಎಂದೆ. "ಯಾರನ್ನು ಕೂರಿಸಬೇಕು ಎಂದು ಗಂಡಸರು ಮೊದಲೇ ಮಾತಾಡಿಕೊಂಡಿರುತ್ತಾರೆ. ಸತ್ತವಳಿಗೆ ಏನೂ ಗೊತ್ತಿಲ್ಲ. ನೀನು ಅಲ್ಲಿಲ್ಲದಿದ್ದರೆ ನಿನ್ನ ಕಡೆಗೆ ತಳ್ಳಲು ಆಗುವುದಿಲ್ಲ. ಹೋಗಬೇಡ."

ಹೇಳುವಾಗ ನನಗೆ ಖುಷಿಯಾಗಿತ್ತು. ಇದು ನೆನಪಿದೆ.

ಇನ್ನು ತಂಗಿಯ ವಿಷಯ. ಅವಳಿಗೆ ಇಪ್ಪತ್ತರ ಒಬ್ಬ ತಂಗಿ, ರಾಜಧಾನಿ ನಿಯಾಮೆಯಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದವಳು. ಮದುವೆಯ ಮಾತು ಮುಗಿದಿತ್ತು. ಸಾಲಿನಲ್ಲಿ ಅಕ್ಕನ ಪಕ್ಕದ ಜಾಗ ಅವಳದು. ವಂಶದಲ್ಲಿ ಉಳಿದಿಬ್ಬರು ಮುದುಕಿಯರು, ಅವರನ್ನು ಸತ್ತವಳು ಆರಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತಂತೆ. "ನಾನು ಹೋಗದಿದ್ದರೆ ಅವಳೇ." ಈ ಮಾತನ್ನು ಅವಳು ಆ ಮೇಜಿನ ಹಿಂದೆ ನಿಂತು ಹೇಳಿದ್ದಾಳೆ. ನನ್ನ ಕಣ್ಣ ಮುಂದೆ ಇದೆ. ಫ್ಯಾನು ಸ್ಕಾರ್ಫಿನ ಅಂಚನ್ನು ಎತ್ತುತ್ತಿದೆ. ಆದರೆ ನನ್ನ ಬಾಯಿ ಆಗ ಕಹಿಯಾಗಿತ್ತೋ ಇಲ್ಲವೋ? ಕಹಿಯಾಗಿದ್ದರೆ ಅದು ಅದೇ ದಿನ. ಒಂದು ನೆನಪಿನಲ್ಲಿ ಅವಳು ಇದನ್ನು ಹೇಳಿಯೇ ಕಾಯಿ ಒಡೆದಳು. ಇನ್ನೊಂದರಲ್ಲಿ, ಎಲ್ಲ ಮುಗಿದ ಮೇಲೆ, ಬೇರೆ ಬೆಳಿಗ್ಗೆ ಹೇಳಿದಳು. ಎರಡೂ ನೆನಪುಗಳು ಒಂದೇ ಕೈಬರಹದಲ್ಲಿವೆ.

ಅವಳು ರಜೆಯ ಕಾಗದವನ್ನು ಹರಿದು, ರಿಜಿಸ್ಟರಿನ ಪಕ್ಕದ ಬುಟ್ಟಿಗೆ ಹಾಕಿದಳು. ಅಷ್ಟೇ. ಆಮೇಲೆ ತರಕಾರಿ ಗಾಡಿ ಬಂತು, ಡ್ರೈವರನ ಹತ್ತಿರ ಕಾಗದ ಕೇಳಿದಳು.

ಮೂರು ವಾರ ಕಳೆದು ಸುದ್ದಿ ಬಂತು. ಹೆಣ ತಂಗಿಯ ಕಡೆಗೆ ವಾಲಿತ್ತು. ಅವಳು ಅದನ್ನು ನನಗೆ ಹೇಳಿದ್ದು ಒಂದೇ ಸಾಲಿನಲ್ಲಿ, ನನ್ನ ಗೇಟ್‌ಪಾಸಿಗೆ ಮೊಹರು ಒತ್ತುತ್ತಾ. "ನನ್ನ ತಂಗಿ ಈಗ ಸರೌನಿಯಾ. ನರ್ಸಿನ ಬಟ್ಟೆಯನ್ನು ಯಾರಿಗೋ ಕೊಟ್ಟಳಂತೆ." ನಾನು ಏನು ಹೇಳಿದೆನೋ ಮರೆತಿದ್ದೇನೆ. ಪೆಟ್ಟಿಗೆ ತಗೊಂಡು ಹೊರಟೆ.

ನನ್ನ ರೂಮ್‌ಮೇಟ್ ಶಿರ್ವದ ಕಡೆಯ ಕೊಂಕಣಿ ಕ್ರೈಸ್ತ, ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್. ಶುಕ್ರವಾರ ಊದ್ ಮೇಥಾದ ಇಗರ್ಜಿಗೆ ಹೋಗಿ ಪೂಜೆ ಮುಗಿಸಿ ಬಂದು ಮೀನು ಹುರಿಯುವವನು. ಅವನಿಗೆ ಎಲ್ಲ ಹೇಳಿದೆ.

"ನೀನು ಎಂತಕ್ಕೆ ಹೇಳ್ಲಿಕ್ಕೆ ಹೋದದ್ದು ಮಾರಾಯ?" ಎಂದ. "ಅವಳ ಭೂತ, ಅವಳ ಊರು. ನಿಂಗೆ ನಿನ್ನ ಭೂತವೇ ಸಂಬಾಳಿಸ್ಲಿಕ್ಕೆ ಆಗದೆ ಇಲ್ಲಿ ಬಂದು ಕೂತದ್ದು."

"ಅವಳು ಕೇಳಿದಳು."

"ಕೇಳಿದ್ರೆ ಗೊತ್ತಿಲ್ಲ ಹೇಳ್ಬೇಕು. ಪ್ರೊಫೆಸರಿಗೆ ಅದೊಂದು ಬಾಯಿಗೆ ಬರುದಿಲ್ಲ ಅಲ್ವಾ?" ಮೀನು ತಿರುವಿಹಾಕಿದ.

ಆ ವಾರವೇ ಇರಬೇಕು, ಲೋಡಿಂಗ್ ಬೇಯಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಹನ್ನೊಂದು ಗಂಟೆಯ ಬಿಸಿಲು ಒಳಗೆ ಬಿದ್ದಿತ್ತು. ಯಾರೋ ಮನೆ ಬದಲಾಯಿಸುತ್ತಿದ್ದರು. ನಾಲ್ವರು ಪಠಾಣರು ಬಿಳಿ ಬಟ್ಟೆ ಸುತ್ತಿದ್ದ ಉದ್ದನೆಯ ಸೋಫಾವನ್ನು ಹೆಗಲ ಮೇಲೆ ಹೊತ್ತು ಇಳಿಜಾರಿನಲ್ಲಿ ಬರುತ್ತಿದ್ದರು. ನನ್ನ ಹತ್ತಿರ ಬಂದಾಗ ಅದು ಒಮ್ಮೆಲೇ ನನ್ನ ಕಡೆಗೆ ವಾಲಿತು. ನಾನು ಗೋಡೆಗೆ ಒರಗಿಕೊಂಡೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು, ಸರಿ ಮಾಡಿಕೊಂಡರು. ಮತ್ತೆ ಮುಂದೆ ಬಂದಾಗ ಮತ್ತೆ ನನ್ನ ಕಡೆಗೇ. "ಖಲಾಸ್, ಖಲಾಸ್, ಬಿಡು!" ಎಂದು ಕೂಗಾಡಿದರು.

ಕೆಳಗಿಳಿಸಿದ ಮೇಲೆ ಅವರಲ್ಲಿ ಹಿರಿಯವನನ್ನು ಕೇಳಿದೆ, "ಯಾರು ತಳ್ಳಿದ್ದು?"

ಬೆವರು ಒರೆಸಿಕೊಂಡು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ. "ಯಾರೂ ಇಲ್ಲ ಭಾಯಿ. ನಾಲ್ಕು ಜನ ಹೊತ್ತರೆ ಸೋಫಾ ತಾನೇ ಹೋಗ್ತದೆ."

ಅವಳು ಮೇಜಿನ ಹಿಂದೆ ಕುಳಿತು ಇದನ್ನೆಲ್ಲ ನೋಡುತ್ತಿದ್ದಳು. ನನ್ನ ಬೆನ್ನಿಗೆ ಗೋಡೆಯ ಸುಣ್ಣ ಅಂಟಿತ್ತು, ಮೇಲೆ ಹೋದ ಮೇಲೆ ಯಾರೋ ಹೇಳಿದರು. ಆಮೇಲೆ ಬಹಳ ದಿನ ನಾನು ಸರ್ವಿಸ್ ಲಿಫ್ಟಿನಲ್ಲಿ ಯಾರಾದರೂ ಭಾರ ಹೊತ್ತು ನಿಂತರೆ ಅವರ ಪಕ್ಕ ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ದೆವ್ವ ನಂಬದವನು ಹೀಗೆ ಮಾಡುವುದು ನಾಚಿಕೆಯ ವಿಷಯ, ಆದರೂ ನಡೆದದ್ದು.

ಒಂದು ದಿನ ಧೈರ್ಯ ಮಾಡಿ ಊರಿಗೆ, ಗಡಿ ಹಿಡಿದ ಅಣ್ಣನಿಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದೆ, "ಅಣ್ಣ, ಅವತ್ತು ಪ್ರಶ್ನೆಯಲ್ಲಿ ನನ್ನ ಹೆಸರು ಬಂದದ್ದು ಹೌದಲ್ಲ?"

"ನಿನ್ನ ಹೆಸರು ಎಲ್ಲಿ ಬಂತು?" ಅವನಿಗೆ ಆಶ್ಚರ್ಯ. "ಓದಿದವನು ಅಂತ ಬಂದದ್ದು. ನಾನೂ ಪಿಯುಸಿ ಪಾಸು ಮಾರಾಯ! ನೀನು ಯಾರೂ ಏನೂ ಹೇಳುವ ಮೊದಲೇ ಪಾಸ್‌ಪೋರ್ಟಿಗೆ ಓಡಿದಿ. ಆಮೇಲೆ ಚಾವಡಿಯಲ್ಲಿ ಎಲ್ಲರೂ ನನ್ನ ಮುಖ ನೋಡಿದರು."

"ನಿಂಗೆ ಬೇಸರ ಇಲ್ಲವಾ?"

"ಬೇಸರ ಎಂತದ್ದು. ಹೋಟೆಲಿನ ಮೀನೂಟ ಒಂದು ನೆನಪಾಗ್ತದೆ." ನಕ್ಕ. ಆ ನಗು ಎಷ್ಟು ನಿಜ ಎಂದು ಫೋನಿನಲ್ಲಿ ತಿಳಿಯಲಿಲ್ಲ.

ಫೋನು ಇಟ್ಟೆ. ಕವಡೆಯಲ್ಲಿ ನಾನು ಬಂದೆ ಎಂದು ಎಷ್ಟು ವರ್ಷ ನಂಬಿದ್ದೆ! ಜೋಯಿಸರು ನನ್ನ ಹೆಸರು ಹೇಳಿದ ಧ್ವನಿ ಕೂಡ ಕಿವಿಯಲ್ಲಿದೆ. ಈಗ ಅಣ್ಣ ಹೇಳುತ್ತಾನೆ ಅಂಥ ಧ್ವನಿಯೇ ಇರಲಿಲ್ಲ ಎಂದು. ಹಾಗಾದರೆ ತಂಗಿಯ ವಿಷಯದ ನೆನಪಿಗೆ ಏನು ಬೆಲೆ? ಹೇಳದೇ ಇದ್ದುದನ್ನು ಕೇಳಿಸಿಕೊಳ್ಳಬಲ್ಲ ಕಿವಿ ಹೇಳಿದ್ದನ್ನು ಕೇಳಿಸಿಕೊಳ್ಳದೆಯೂ ಇರಬಲ್ಲದು.

ಪುರಾವೆ ಹುಡುಕಿದೆ. ನನ್ನ ಆಫೀಸಿನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಮೂರು ಸಾಲುಗಳಿವೆ. "ಗೋರೋ, ಕಹಿ, ಆಮೇಲೆ ನೀರು ಸಿಹಿ." "ಹೆಣ ವಾಲುವುದು, ಹೊತ್ತವರ ಕೆಲಸ." ಇವೆರಡೂ ನೀಲಿ ಶಾಯಿಯಲ್ಲಿ. ಮೂರನೆಯದು, "ತಂಗಿ, ನರ್ಸಿಂಗ್," ಕಪ್ಪು ಶಾಯಿಯಲ್ಲಿ. ಎರಡೂ ಪೆನ್ನುಗಳು ಯಾವಾಗಲೂ ನನ್ನ ಮೇಜಿನ ಮೇಲೆ ಇರುತ್ತಿದ್ದವು. ಕಪ್ಪು ಸಾಲನ್ನು ಅದೇ ದಿನ ಮಧ್ಯಾಹ್ನ ಬರೆದೆನೋ, ಸುದ್ದಿ ಬಂದ ಮೇಲೆ ಹಳೆಯ ಪುಟ ತೆಗೆದು ಸೇರಿಸಿದೆನೋ. ಇಂಥದ್ದು ಬೇರೆ ಯಾರದ್ದಾದರೂ ನಕ್ಷೆಯಲ್ಲಿ ಕಂಡಿದ್ದರೆ ತಾರೀಖಿಲ್ಲದ ತಿದ್ದುಪಡಿ ಎಂದು ವಾಪಸು ಕಳಿಸುತ್ತಿದ್ದೆ.

ಅವಳನ್ನೇ ಕೇಳಬಹುದಿತ್ತು. ದಿನಾ ನೋಡುತ್ತಿದ್ದೆ. ನಾಲ್ಕು ಹೆಜ್ಜೆ ದೂರ. "ನೀನು ತಂಗಿಯ ವಿಷಯ ಯಾವಾಗ ಹೇಳಿದ್ದು?" ಎಂಬ ಐದು ಪದ. ಕೇಳಲಿಲ್ಲ. ಮೊದಲೇ ಹೇಳಿದ್ದೆ ಎಂದುಬಿಟ್ಟರೆ ಎಂಬ ಹೆದರಿಕೆ.

ಬೇಸಗೆಗೆ ಮೊದಲು ಅವಳು ಕೆಲಸ ಬಿಟ್ಟಳು. ಸರೌನಿಯಾ ಒಬ್ಬಳೇ ಇರುವಂತಿಲ್ಲ, ನೀರು ತಂದುಕೊಡಲು, ಅಡುಗೆ ಮಾಡಲು ಮನೆಯ ಒಬ್ಬ ಹೆಂಗಸು ಜೊತೆಗಿರಬೇಕು. ತಂಗಿ ಇವಳನ್ನು ಕೇಳಿದ್ದಳಂತೆ. ವೀಸಾ ಕ್ಯಾನ್ಸಲ್ ಆಯಿತು. ಅವಳ ಕಂಪನಿಯ ಕೆಲಸಗಾರರು ಉಳಿಯುವ ಕ್ಯಾಂಪು ಅಲ್ ಕೂಜ್‌ನಲ್ಲಿತ್ತು, ವಿಮಾನ ನಿಲ್ದಾಣಕ್ಕೆ ಸಾಮಾನು ಬಹಳ, ಟ್ಯಾಕ್ಸಿಯಲ್ಲಿ ಹಿಡಿಸುವುದಿಲ್ಲ ಎಂದಳು. ರೂಮ್‌ಮೇಟ್ ಸ್ನೇಹಿತನ ವ್ಯಾನು ತಂದ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಹೋದೆವು.

ಗೋದಾಮುಗಳ ಸಾಲು ಮುಚ್ಚಿತ್ತು. ಕ್ಯಾಂಪಿನ ಗೇಟಿನ ಮುಂದೆ ಅವಳು ಎರಡು ಸೂಟ್‌ಕೇಸು, ಹಗ್ಗ ಕಟ್ಟಿದ ಮೂರು ಬ್ಯಾಗು ಇಟ್ಟುಕೊಂಡು ನಿಂತಿದ್ದಳು. ನೀಲಿ ಅಂಗಿಯಿಲ್ಲದೆ ಅವಳನ್ನು ನೋಡಿದ್ದು ಅದೇ ಮೊದಲು. ಹಳದಿ ಬಟ್ಟೆ, ಹಳದಿ ತಲೆವಸ್ತ್ರ. ಎತ್ತರ ಹೆಚ್ಚಾದ ಹಾಗೆ ಕಂಡಳು.

"ಇದರಲ್ಲಿ ಎಂತ ಕಲ್ಲು ತುಂಬಿದ್ದೀಯ ಸಿಸ್ಟರ್?" ಎಂದು ರೂಮ್‌ಮೇಟ್ ಹಿಂದಿಯಲ್ಲಿ ಕೇಳಿದ.

"ಪಾತ್ರೆ. ರಾಣಿಗೆ ಅಡುಗೆ ಮಾಡ್ಬೇಡವಾ?"

ಅವನು ನಕ್ಕು, ಎರಡು ಬ್ಯಾಗು ಎತ್ತಿಕೊಂಡು ವ್ಯಾನಿನ ಕಡೆಗೆ ತಿರುಗಿದ. ಅವಳು ನನ್ನ ಕಡೆಗೆ ನೋಡಿದಳು.

"ಮಾಲಂ, ಇನ್ನೊಂದು ಸಲ ಕೇಳ್ತೇನೆ. ಹೆಣ ವಾಲುವುದಾ, ಹೊತ್ತವರು ತಳ್ಳುವುದಾ?"

ಅವಳಿಗೆ ಯಾವ ಉತ್ತರ ಬೇಕಿತ್ತೋ ನಾನು ಲೆಕ್ಕ ಹಾಕಿದೆ. ತಳ್ಳುವುದು ಎಂದರೆ, ಗಂಡಸರು ಸೇರಿ ಅವಳ ತಂಗಿಯ ಬದುಕನ್ನು ಕಿತ್ತುಕೊಂಡರು, ಇವಳು ದೂರ ಕುಳಿತು ಬಿಟ್ಟುಕೊಟ್ಟಳು. ವಾಲುವುದು ಎಂದರೆ, ಯಾರ ತಪ್ಪೂ ಇಲ್ಲ. ವಾಲುವುದು ಎಂದು ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. ತಳ್ಳುವುದು ಎಂದು ಹೇಳಲೂ ಆಗಲಿಲ್ಲ. ನಾಲ್ಕು ಜನ ಹೊತ್ತದ್ದು ನನ್ನ ಕಡೆಗೆ ಬಂದದ್ದನ್ನು ನೋಡಿದ್ದೆ.

"ನನಗೆ ಗೊತ್ತಿಲ್ಲ," ಎಂದೆ.

ಅವಳು ತಲೆಯಾಡಿಸಿದಳು. "ಈ ಮಾತನ್ನು ಆ ದಿನ ಹೇಳಿದ್ದರೆ ನಾನು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ."

ಈ ಮಾತಿನ ಬಗ್ಗೆ ನನಗೆ ಸಂಶಯವಿಲ್ಲ. ಬೇರೆ ಎಲ್ಲದರ ಬಗ್ಗೆ ಇದೆ. ಇದಕ್ಕೆ ಸಾಕ್ಷಿಯಿದ್ದಾನೆ. ಬ್ಯಾಗು ಹಿಡಿದು ಅರ್ಧ ತಿರುಗಿದ್ದ ರೂಮ್‌ಮೇಟಿಗೆ ಪ್ರತಿಯೊಂದು ಪದವೂ ಕೇಳಿಸಿತ್ತು. ಈಗ ಅವನು ಊರಿನಲ್ಲಿದ್ದಾನೆ. ವರ್ಷಕ್ಕೊಮ್ಮೆ ಫೋನಿನಲ್ಲಿ ಸಿಕ್ಕಾಗ ಕೇಳುತ್ತೇನೆ, ಹಾಗೇ ಹೇಳಿದ್ದಲ್ಲವೇ ಎಂದು. ಹೌದು, ಹಾಗೇ ಹೇಳಿದ್ದು ಎನ್ನುತ್ತಾನೆ.

"ಆದ್ರೆ ನೀನು ಸುಮ್ಮನೆ ಮಂಡೆಬಿಸಿ ಮಾಡುದು ಮಾರಾಯ," ಎಂದ ಕಳೆದ ಸಲ. "ಅವಳು ನಗಾಡ್ತಾ ಹೇಳಿದ್ದಲ್ವಾ?"

ನಗುತ್ತಿದ್ದಳೇ? ನಾನು ಎದುರಿಗೇ ನಿಂತಿದ್ದೆ. ನನಗೆ ನೆನಪಿರುವ ಮುಖದಲ್ಲಿ ನಗುವಿಲ್ಲ. ಕೋಪವೂ ಇಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಪ್ಪು ಕಾಗದ ತಂದವನನ್ನು ನೋಡುವ ಹಾಗೆ ನನ್ನನ್ನು ನೋಡಿ, ಸೂಟ್‌ಕೇಸನ್ನು ತಾನೇ ಎಳೆದುಕೊಂಡು ವ್ಯಾನು ಹತ್ತಿದಳು. ಅವನೂ ಅಲ್ಲೇ ಇದ್ದ, ಅವನಿಗೂ ಕಣ್ಣಿದೆ. ಇಬ್ಬರಲ್ಲಿ ಯಾರು ಸರಿ ಎಂದು ಹೇಳಬಲ್ಲವಳು ಒಬ್ಬಳೇ, ಅವಳು ತಂಗಿಗೆ ನೀರು ಸೇದಿಕೊಡುತ್ತಿದ್ದಾಳೆ. ಅವಳು ಕೊಟ್ಟಿದ್ದ ನಂಬರಿಗೆ ಮೊದಲ ವರ್ಷ ಕೆಲವು ಸಲ ಫೋನು ಮಾಡಿದೆ. ಗಂಡಸೊಬ್ಬ ಎತ್ತಿ, ನನಗೆ ಬಾರದ ಭಾಷೆಯಲ್ಲಿ ಸಮಾಧಾನವಾಗಿ ಏನೋ ಹೇಳಿ, ಇಟ್ಟುಬಿಡುತ್ತಿದ್ದ.